ಉಡುಪಿ ಹತ್ತಿರದ ಕೌದಿ ವೀಕೆಂಡ್ ಕ್ಲಾಸ್: ತೋಟಕ್ಕೂ ಊಟಕ್ಕೂ ಐದು ಸ್ಟಾರ್, ಹೊಲಿಗೆ ಕಿಟ್‌ಗೆ ಎರಡು

ಒಟ್ಟು ನಾಲ್ಕು ಸ್ಟಾರ್ ಕೊಡ್ತಾ ಇದ್ದೇನೆ. ಒಂದು ಕಟ್ ಮಾಡಿದ್ದು ಯಾಕೆ ಅಂತ ಕೆಳಗೆ ಉಂಟು.

ಹಳೆ ಹಂಚಿನ ಮನೆ, ಎದುರು ತೋಟ, ಹಿಂದೆ ಬಾವಿ, ಚಾವಡಿಯಲ್ಲಿ ಚಾಪೆ ಹಾಕಿ ಕ್ಲಾಸ್. ಶನಿವಾರ ಭಾನುವಾರ, ಮಧ್ಯಾಹ್ನದ ಊಟ ಸೇರಿ. ಇವ್ರ ಇನ್ಸ್ಟಾ ಪೋಸ್ಟಲ್ಲಿ "ಕ್ರಿಯೇಟಿವ್ ಜರ್ನಿ" "ನಿಮ್ಮೊಳಗಿನ ಕಲಾವಿದೆ" ಅಂತೆಲ್ಲ ಬರೆದದ್ದು ಓದಿ ಹೆದರ್ಬೇಡಿ ಮಾರಾಯ್ರೆ, ಅಲ್ಲಿ ಅಂಥ ಭಾಷಣ ಎಂತದೂ ಇಲ್ಲ, ಕೂತ ಕೂಡ್ಲೆ ಕೈಗೆ ಸೂಜಿ ಕೊಡ್ತಾರೆ.

ಮುಖ್ಯವಾಗಿ ಕಲಿಸುದು ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರು ಹೊಲಿಯುವ ಕೌದಿ, ಅಂದ್ರೆ ಹಳೆ ಬಟ್ಟೆ ತುಂಡು ಸೇರಿಸಿ ಮಾಡುವ ಹೊದಿಕೆ. ಯೂಟ್ಯೂಬಲ್ಲಿ ಕಾಣುವ ಕ್ವಿಲ್ಟ್ ಅಂದ್ರೆ ಅಳತೆ ಹಿಡಿದು ಚೌಕ ಚೌಕ ಕತ್ತರಿಸಿ, ಮೇಲಿನ ಪದರ ಪೂರ್ತಿ ಜೋಡಿಸಿ ಆಮೇಲೆ ಅಸ್ತರು ಹಾಕುದು ಅಲ್ವಾ, ಇದು ಪೂರಾ ಉಲ್ಟಾ. ಕೆಳಗೆ ಹಳೆ ಸೀರೆ ಹಾಸಿ ಅಂಚಿನಿಂದ ಶುರು ಮಾಡುದು, ಒಂದು ತುಂಡು ಇಟ್ಟು ಅದರ ಬದಿ ಒಳಗೆ ಮಡಚಿ ಎಲ್ಲ ಪದರ ಸೇರಿಸಿಯೇ ರನ್ನಿಂಗ್ ಸ್ಟಿಚ್ ಹಾಕ್ತಾ ಹಾಕ್ತಾ ಸುತ್ತು ಬಂದು ನಡುವಿಗೆ ಮುಗಿಸುದು. ಪೇಪರ್ ಮೇಲೆ ಡಿಸೈನ್ ಇಲ್ಲ, ಮುಂದಿನ ತುಂಡು ಯಾವುದು ಅಂತ ಪಕ್ಕದ ತುಂಡು ನೋಡಿಯೇ ತೀರ್ಮಾನ. ಮೂಲೆಗಳಲ್ಲಿ ಬಟ್ಟೆಯನ್ನು ಸಣ್ಣದಾಗಿ ಪದರ ಪದರ ಮಡಚಿ ಒಂದು ಹೂ ಇಡ್ತಾರೆ, ಅದಿಲ್ಲದ ಕೌದಿ ಸಿದ್ದಿಯರ ಲೆಕ್ಕದಲ್ಲಿ ಬೆತ್ತಲೆ ಅಂತೆ.

ಟೀಚರ್ ಹೇಳಿದ್ರಲ್ಲಿ ನಂಗೆ ತುಂಬಾ ಉಪಯೋಗಕ್ಕೆ ಬಿದ್ದದ್ದು ಪದರದ ವಿಷಯ. ಘಟ್ಟದ ಮೇಲಿನ ಚಳಿಗೆ ದಪ್ಪ ಬೇಕು, ನಮ್ಮಲ್ಲಿ ಆ ದಪ್ಪದ್ದು ಹೊಲಿದ್ರೆ ಆಟಿ ತಿಂಗಳ ಮಳೆಯಲ್ಲಿ ಒಣಗುದೇ ಇಲ್ಲ, ಬೂಸ್ಟು ಹಿಡಿದು ಮೂಗು ಮುಚ್ಚುವ ವಾಸನೆ. ಅದಕ್ಕೆ ಎರಡೇ ಪದರ, ಅದೂ ತುಂಬಾ ಸಲ ಒಗೆದ ಕಾಟನ್ ಸೀರೆ. ಹೊಸ ಬಟ್ಟೆ ಸೇರಿಸುದಾದ್ರೆ, ಅದ್ರಲ್ಲೂ ಕೆಂಪು, ಮೊದಲು ನೀರಲ್ಲಿ ನೆನೆಸಿ ಬಿಳಿ ತುಂಡಿಗೆ ಒತ್ತಿ ಬಣ್ಣ ಬಿಡ್ತದಾ ನೋಡ್ಬೇಕು.

ಈಗ ತೋಟದ ಕತೆ. ಹೊಲಿಗೆ ಅರ್ಧದಲ್ಲಿ ನಿಲ್ಲಿಸಿ ಎಲ್ಲರನ್ನೂ ಎಬ್ಬಿಸಿ ಹೊರಗೆ ಕಳಿಸ್ತಾರೆ, ಒಂದೊಂದು ಗಿಡದ ಹತ್ತಿರ ನಿಂತು ಅಲ್ಲಿ ಕಾಣುವ ಮೂರು ಬಣ್ಣಕ್ಕೆ ಹೊಂದುವ ಚಿಂದಿ ಹುಡುಕಿ ತರ್ಬೇಕು. ಕೇಳ್ಲಿಕ್ಕೆ ಮಕ್ಕಳ ಆಟದ ಹಾಗೆ ಉಂಟು, ಮಾಡಿ ನೋಡಿ ಗೊತ್ತಾಗ್ತದೆ. ಬಸಳೆ ದಂಟು ಹಸಿರು ಅಂತ ಹೇಳಿಬಿಡ್ತೇವೆ, ಹತ್ತಿರ ಹೋದ್ರೆ ಗಂಟಿನ ಹತ್ತಿರ ನೇರಳೆ, ಎಳೆ ತುದಿಯಲ್ಲಿ ಕೆಂಪು ಮಿಶ್ರ ಕಂದು, ಹಣ್ಣು ಕಪ್ಪಾ ನೇರಳೆಯಾ ಹೇಳ್ಲಿಕ್ಕಾಗದ ಬಣ್ಣ, ಹಿಚುಕಿದ್ರೆ ಬೆರಳು ಪೂರಾ ಮೆಜೆಂಟಾ. ನಾನು ಬಸಳೆ ಚಪ್ಪರದಡಿಯಲ್ಲೇ ಬೆಳೆದವಳು, ಪದೆಂಗಿ (ಹೆಸರುಕಾಳು) ಹಾಕಿ ಗಸಿ ಮಾಡುವಾಗ ಕೂಡ ಅದನ್ನು ಇಷ್ಟು ಹೊತ್ತು ನೋಡಿದ್ದಿಲ್ಲ! ನನ್ನ ಕೌದಿಯ ಒಂದು ಬದಿ ಪೂರ್ತಿ ಆ ಬಸಳೆಯಿಂದ ಬಂದದ್ದು.

ಅಡಿಗೆಮನೆಯಲ್ಲೂ ಇದೇ. ಶಂಖಪುಷ್ಪದ ನೀಲಿ ನೀರಿಗೆ ಒಂದು ಚಮಚ ಪುನರ್ಪುಳಿ ನೀರು ಬಿಟ್ರು, ಕಣ್ಣೆದುರಲ್ಲೇ ನೇರಳೆ ಆಯ್ತು. ಹುಳಿಗೆ ಆ ಬಣ್ಣ ತಿರುಗ್ತದೆ, ಅರಶಿನಕ್ಕೆ ಸುಣ್ಣ ಬಿದ್ರೆ ಆರತಿಯ ಕುರ್ದಿ ನೀರು ಕೆಂಪಾಗುದೂ ಅಂಥದ್ದೇ ಲೆಕ್ಕ. ಆದ್ರೆ ಇವು ಯಾವುದೂ ಬಟ್ಟೆಯಲ್ಲಿ ನಿಲ್ಲುದಿಲ್ಲ, ಒಗೆದಾಗ ಬಿಸಿಲಿಗೆ ಹಾಕಿದಾಗ ಹೋಗ್ತದೆ, ಬಣ್ಣ ಹಾಕ್ಲಿಕ್ಕೆ ಅಲ್ಲ ಬಣ್ಣ ನೋಡ್ಲಿಕ್ಕೆ ಅಂತ ಅವ್ರೇ ಹೇಳಿದ್ರು. ಬೇರೆ ಕಡೆ ಇದನ್ನೇ "ನ್ಯಾಚುರಲ್ ಡೈ" ಅಂತ ಮಾರ್ತಾರೆ, ಹಾಗಾಗಿ ಈ ಮಾತಿಗೆ ನನ್ನ ಕಡೆಯಿಂದ ಅರ್ಧ ಸ್ಟಾರ್ ಎಕ್ಸ್ಟ್ರಾ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಮಟ್ಟು ಗುಳ್ಳ (ಮಟ್ಟು ಊರಿನ ಹಸಿರು ಬದನೆ) ಹಾಕಿದ ಹುಳಿ, ಅನಾನಸ್ ಮೆಣಸ್ಕಾಯಿ. ಗುಳ್ಳ ಅಸಲಿ ಮಟ್ಟುವಿನದ್ದೇ, 2011ರಲ್ಲಿ ಜಿಐ ಟ್ಯಾಗ್ (ಆ ಊರಿನದ್ದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿದ ಮೇಲೆ ಹೆಸರು ಜೋರಾಗಿ ಕಂಡ ಕಂಡ ಹಸಿರು ಬದನೆಯನ್ನೆಲ್ಲ ಗುಳ್ಳ ಅಂತ ದಾಟಿಸುವವ್ರು ಇದ್ದಾರೆ, ಇದು ಬೆಂದ್ರೂ ಕರಗದೆ ಮೆತ್ತಗೆ ನಿಂತಿತ್ತು. ಎರಡನೇ ಸಲ ಬಡಿಸುವಾಗ ಕೈ ಹಿಂದೆ ಎಳೀಲಿಲ್ಲ.

ಭಾನುವಾರ ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆ ಆಗುವ ಕಾಲದ ಲಾವಾ, ತಣ್ಣಗಾಗ್ತಾ ಕುಗ್ಗಿ ಬಿರುಕು ಬಿಟ್ಟು ಕಂಬ ಕಂಬ ಆಗಿ ನಿಂತದ್ದು. ಅದರ ತಲೆ ಮೇಲೆ ಪೇಪರ್ ಇಟ್ಟು ಗೆರೆ ಎಳೆದು ಷಟ್ಕೋನದ ಪ್ಯಾಟರ್ನ್ ತೆಗೀರಿ ಅಂದ್ರು. ತೆಗೆದು ನೋಡಿದ್ರೆ ಎಲ್ಲ ಆರು ಮೂಲೆಯದ್ದಲ್ಲ, ಐದರದ್ದು ಉಂಟು, ಏಳರದ್ದೂ ಉಂಟು, ಚಂದ ಅಂದ್ರೆ ಚಂದ. ಆದ್ರೆ ವಾಪಸ್ ಬಂದು ಅದೇ ದಿನ ಷಟ್ಕೋನದ ಬಟ್ಟೆ ತುಂಡು ಜೋಡಿಸುದನ್ನೂ ಕಲಿಸ್ಲಿಕ್ಕೆ ಹೊರಟದ್ದು ಅತಿ ಆಯ್ತು. ಅದಕ್ಕೆ ಪೇಪರ್ ಅಳತೆ ಕರೆಕ್ಟ್ ಬೇಕು, ಸಿದ್ದಿ ಕೌದಿಗೆ ಅಳತೆಯೇ ಬೇಡ, ಎರಡೂ ಒಟ್ಟಿಗೆ ತುರುಕಿ ಯಾವುದೂ ಮುಗೀಲಿಲ್ಲ. ದ್ವೀಪ ಇರ್ಲಿ, ಷಟ್ಕೋನದ ಕ್ಲಾಸ್ ಬೇರೆ ವಾರ ಇಡಿ.

ಸ್ಟಾರ್ ಕಟ್ ಆದದ್ದು ಕಿಟ್ಟಿಂದ. ಬೇರೆ ಎಲ್ಲಿಂದಲೋ ತರಿಸಿದ್ದಂತೆ, ಅರ್ಧ ತುಂಡು ಪಾಲಿಯೆಸ್ಟರ್ ಮಿಕ್ಸ್, ಸೂಜಿ ಒಳಗೆ ಹೋಗುದೇ ಇಲ್ಲ, ಮಡಚಿದ ಬದಿ ಉಗುರಲ್ಲಿ ಗೀರಿದ್ರೂ ಪುನಃ ಎದ್ದು ನಿಲ್ತದೆ. ಬೆರಳಿಗೆ ಹಾಕುವ ಟೋಪಿಯೂ ಇಲ್ಲ, ಸಂಜೆಗೆ ತೋರುಬೆರಳು ತೂತು ತೂತು. ಈ ದುಡ್ಡಿಗೆ ಇದು ಸರಿಯಲ್ಲ. ನಿಮ್ಮೂರ ಟೈಲರ್ ಹತ್ತಿರ ಕೇಳಿದ್ರೆ ಕಾಟನ್ ಕಟ್‌ಪೀಸ್ ಫ್ರೀಯಾಗಿ ಸಿಕ್ತದೆ, ಒಂದು ಚೀಲ ತುಂಬಿಸಿಕೊಂಡೇ ಹೋಗಿ, ಜೊತೆಗೆ ಅಮ್ಮನ ಹಳೆ ಸೀರೆ ಒಂದು.

ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಇಲ್ಲ ಆದ್ರೆ ಫೀಸ್ ಅಷ್ಟೇ ತಗೊಳ್ತಾರೆ, ಹಾಗಾಗಿ ಡಿಸೆಂಬರ್ ಮೇಲೆ ಬುಕ್ ಮಾಡುದು ಒಳ್ಳೇದು. ಕಾರು ಒಳಗೆ ಹೋಗುದಿಲ್ಲ, ಮೇನ್ ರೋಡಲ್ಲೇ ಇಡ್ಬೇಕು. ನೆಟ್‌ವರ್ಕ್ ಬಂದ್ರೆ ಬಂತು ಇಲ್ಲದಿದ್ರೆ ಇಲ್ಲ, ಗೂಗಲ್ ಪೇ ನಂಬಿ ಹೋಗ್ಬೇಡಿ, ಕ್ಯಾಶ್ ಇರ್ಲಿ.