ಹೊಸ ಹಾಡು ಸಿಗಲು ರೇಡಿಯೋನಾ, ಫೀಡಾ?

ಸುಮ್ನೆ ಇದ್ದಾಗ ಹೊಸ ಹಾಡೊಂದು ತಾನಾಗೇ ಸಿಗಬೇಕು ಅಂದರೆ ನನ್ನ ಓಟು ರೇಡಿಯೋಗೆ. ಫೀಡ್ ಅಂದರೆ ಫೋನಿನಲ್ಲಿ ಒಂದಾದ ಮೇಲೊಂದು ಬರುವ ಪೋಸ್ಟ್‌ಗಳ ಸಾಲು. ಇನ್‌ಸ್ಟಾಗ್ರಾಂ 2016ರಲ್ಲೇ ಆ ಪೋಸ್ಟ್‌ಗಳನ್ನು ನಮ್ಮ ಆಸಕ್ತಿ ನೋಡಿ ಜೋಡಿಸಲು ಶುರು ಮಾಡಿತು. ಒಂದು ಕೊಳಲಿನ ವಿಡಿಯೋ ಪೂರ್ತಿ ನೋಡಿದರೆ ಸಾಕು, ಮರುದಿನ ಜಾಸ್ತಿ ಕೊಳಲೇ. ಕೊಳಲೇ ಬೇಕಿದ್ದವರಿಗೆ ಅದು ಒಳ್ಳೆಯದೇ.

ರೇಡಿಯೋಗೆ ನಾವು ಯಾರು ಅಂತಲೇ ಗೊತ್ತಿಲ್ಲ. ಪಾತ್ರೆ ತೊಳೆಯುವಾಗ ಎಂದೂ ಕೇಳದ ದನಿ ತೇಲಿ ಬರುತ್ತದೆ. ಕೈ ನೊರೆಯಲ್ಲೇ ನಿಂತುಬಿಡುತ್ತದೆ. ಆದರೆ ಹೆಸರು ತಿಳಿಯುವಷ್ಟರಲ್ಲಿ ಹಾಡು ಮುಗಿದಿರುತ್ತದೆ, ಅಲ್ವಾ? ಅದಕ್ಕೇ ಫೋನಿನಲ್ಲಿ ಶಜಾಮ್ ಆ್ಯಪ್ ಇರಲಿ. ಕೆಲವು ಸೆಕೆಂಡ್ ಕೇಳಿಸಿಕೊಂಡು ಹಾಡಿನ ಹೆಸರು ಹುಡುಕಿ ಕೊಡುತ್ತದೆ. ಫೀಡಿನಲ್ಲಾದರೆ ಸೇವ್ ಒತ್ತಿದರಾಯಿತು.

ಇವತ್ತು ಒಮ್ಮೆ ರೇಡಿಯೋ ಹಾಕಿ, ಸ್ಟೇಷನ್ ಬದಲಿಸದೆ ಅರ್ಧ ಗಂಟೆ ಬಿಡಿ.