ದುಡ್ಡು ಕೊಟ್ಟು ಕುದುರೆ ಬಿಡುವವರೇ, ಮೊದಲು ಬೀಗದ ಕೈ ಎಲ್ಲಿದೆ ಕೇಳಿ

ಬೆಂಗಳೂರಿನ ಸುತ್ತಮುತ್ತ ಈಗ ರೈಡಿಂಗ್ ಸ್ಕೂಲುಗಳು ಜಾಸ್ತಿ. ರೇಸಿನಿಂದ ರಿಟೈರ್ ಆದ ಥರೋಬ್ರೆಡ್ ತಳಿಯ ಕುದುರೆ ಕೊಂಡು, ತಿಂಗಳಿಗೆ ಇಷ್ಟು ಅಂತ ಕೊಟ್ಟು ಅಂಥ ಕಡೆ ಲಾಯದಲ್ಲಿ ಬಿಡುವವರೂ ಜಾಸ್ತಿ ಆಗಿದ್ದಾರೆ. ನಾನೂ ಅವರಲ್ಲಿ ಒಬ್ಬಳು. ನನ್ನ ಕುದುರೆ ಇದ್ದ ಲಾಯಕ್ಕೆ ಬೆಂಕಿ ಬಿತ್ತು. ಎರಡು ಕುದುರೆ ಸತ್ತವು. ನನ್ನದು ಉಳಿಯಿತು. ಜಾಗದ ಹೆಸರು ಹಾಕುತ್ತಿಲ್ಲ, ದಯವಿಟ್ಟು ಕೇಳಬೇಡಿ. ಹೆಸರು ಹಾಕಿದರೆ ಅದೊಂದು ಜಾಗ ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿದೆ ಅಂದುಕೊಂಡು ಸುಮ್ಮನಾಗುತ್ತೀರಿ. ಅದಾದ ಮೇಲೆ ನಾನು ಹೋಗಿ ನೋಡಿದ ಲಾಯಗಳಲ್ಲಿ ಹೆಚ್ಚಿನವು ಇದಕ್ಕಿಂತ ಏನೂ ಬೇರೆಯಾಗಿರಲಿಲ್ಲ.

ಲಾಯ ಹೇಗಿತ್ತು ಅಂತ ಮೊದಲು ಹೇಳುತ್ತೇನೆ, ಯಾಕಂದರೆ ಇಡೀ ಕಥೆ ಅದರಲ್ಲೇ ಇದೆ. ಒಂದೊಂದು ಕುದುರೆ ನಿಲ್ಲುವ ಕೋಣೆಗಳು, ಅಂದರೆ ಸ್ಟಾಲುಗಳು, ಎದುರುಬದುರು ಎರಡು ಸಾಲು, ನಡುವೆ ಓಣಿ, ಮೇಲೆ ತಗಡಿನ ಶೀಟು. ಒಂದು ತುದಿಯಲ್ಲಿ ಗೇಟು, ಇನ್ನೊಂದು ತುದಿಯಲ್ಲಿ ಗೋಡೆ. ಅಂದರೆ ಹೊರಗೆ ಬರಲು ಇದ್ದದ್ದು ಒಂದೇ ದಾರಿ. ಗೋಡೆ ಕಡೆಯ ಕೊನೆಯ ಸ್ಟಾಲುಗಳ ಮೇಲೆ ಮರದ ಅಟ್ಟ ಹಾಕಿ ಒಣಹುಲ್ಲಿನ ಬೇಲ್‌ಗಳನ್ನು, ಅಂದರೆ ಬಿಗಿಯಾಗಿ ಕಟ್ಟಿದ ಹುಲ್ಲಿನ ಕಟ್ಟುಗಳನ್ನು, ಒಟ್ಟಿದ್ದರು. ಸ್ಟಾಲಿನಲ್ಲಿ ಹಾಸಿಗೆಗೆ ಭತ್ತದ ಹುಲ್ಲು. ಬಿಸಿಲು ತಡೆಯಲು ಪಕ್ಕದಲ್ಲೆಲ್ಲ ಹಸಿರು ಶೇಡ್ ನೆಟ್. ನೊಣಕ್ಕೆ ಅಂತ ಸ್ಟಾಲಿಗೊಂದು ಫ್ಯಾನು. ಆ ಫ್ಯಾನುಗಳಿಗೆ ಸರಿಯಾದ ವೈರಿಂಗ್ ಮಾಡಿಸಿರಲಿಲ್ಲ. ಒಂದು ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ತೊಲೆಗೆ ಕಟ್ಟಿಕೊಂಡು ಹೋಗಿದ್ದರು. ಜಾಯಿಂಟುಗಳಿಗೆ ಕರಿ ಟೇಪು. ಕೊನೆಯ ಬಾಕ್ಸು ಅಟ್ಟದ ಕೆಳಗೇ, ಹುಲ್ಲು ಜೋತುಬಿದ್ದು ಅದಕ್ಕೆ ತಾಗುತ್ತಿತ್ತು. ಹುರುಳಿ, ಓಟ್ಸ್ ಇಟ್ಟ ಕೋಣೆ ಪಕ್ಕದಲ್ಲೇ ಇದ್ದದ್ದರಿಂದ ಇಲಿಗಳಿಗೆ ಬರ ಇರಲಿಲ್ಲ.

ಇದನ್ನೆಲ್ಲ ಮ್ಯಾನೇಜರಿಗೆ ಹೇಳಿರಲಿಲ್ಲವಾ ಅಂದರೆ, ಹೇಳಿದ್ದೆವು. ನಾನೂ ಹೇಳಿದ್ದೆ, ಇನ್ನಿಬ್ಬರು ಕುದುರೆ ಮಾಲೀಕರೂ ಹೇಳಿದ್ದರು. "ಆಗುತ್ತೆ ಮೇಡಂ, ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೀನಿ" ಅನ್ನೋದು ಉತ್ತರ. ಅದೇ ಹೊತ್ತಿಗೆ ಸವಾರಿ ಮಾಡುವ ಅರೇನಾಕ್ಕೆ ಹೊಸ ಮರಳು ಬಂತು, ಬೇಲಿಗೆ ಬಿಳಿ ಬಣ್ಣ ಬಂತು, ಫೋಟೋ ತೆಗೆಯಲು ಒಂದು ಕಮಾನೂ ಬಂತು.

ಬೆಂಕಿ ಬಿದ್ದದ್ದು ರಾತ್ರಿ, ಎಲ್ಲರೂ ಮಲಗಿದ ಮೇಲೆ. ಜೀನು ಇಡುವ ಕೋಣೆಯಲ್ಲಿ ಮಲಗಿದ್ದ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಹುಡುಗನಿಗೆ, ಕುದುರೆಗಳು ಬಾಗಿಲು ಒದೆಯುವ ಸದ್ದಿಗೆ ಎಚ್ಚರ ಆಯಿತಂತೆ. ಎದ್ದು ನೋಡಿದರೆ ಅಟ್ಟದ ತುದಿ ಹತ್ತಿಕೊಂಡಿದೆ. ಓಡಿಹೋಗಿ ಬಾಗಿಲು ತೆಗೆಯೋಣ ಅಂದರೆ ಸ್ಟಾಲುಗಳಿಗೆ ಬೀಗ. ಕೆಲವು ತಿಂಗಳ ಹಿಂದೆ ಜೀನು, ಲಗಾಮು ಕಳುವಾಗಿದ್ದಕ್ಕೆ ರಾತ್ರಿ ಎಲ್ಲಕ್ಕೂ ಬೀಗ ಹಾಕುವ ಪದ್ಧತಿ ಶುರುವಾಗಿತ್ತು. ಬೀಗದ ಕೈ ಗೊಂಚಲು ಆಚೆ ಕಟ್ಟಡದಲ್ಲಿ, ಮ್ಯಾನೇಜರ್ ಕೋಣೆಯಲ್ಲಿ. ಮ್ಯಾನೇಜರ್ ಅವತ್ತು ಊರಿಗೆ ಹೋಗಿದ್ದ. ಹುಡುಗ ಆ ಕೋಣೆಯ ಕಿಟಕಿ ಒಡೆದು ಗೊಂಚಲು ತಂದ. ಯಾವ ಕೀ ಯಾವ ಬೀಗದ್ದು ಅಂತ ಗುರುತು ಇರಲಿಲ್ಲ. ಕತ್ತಲೆ, ಹೊಗೆ, ಕೈ ನಡುಕ, ಒಂದೊಂದೇ ಕೀ ಹಾಕಿ ನೋಡಬೇಕು. ಇನ್ನೊಬ್ಬ ಸೈಸ್ ಕಬ್ಬಿಣದ ಸಲಾಕೆ ತಂದು ಚಿಲಕವನ್ನೇ ಕಿತ್ತುಹಾಕಲು ಶುರು ಮಾಡಿದ. ನನ್ನ ಕುದುರೆ ಹೊರಗೆ ಬಂದದ್ದು ಆ ಸಲಾಕೆಯಿಂದ.

ಇಲ್ಲೇ ನಾನು ಹೇಳಬೇಕಾದ ಮುಖ್ಯ ಮಾತು. ಬೆಂಕಿ ವೈರಿನಿಂದ ಬಂತು, ಸರಿ. ಆದರೆ ಆ ಎರಡು ಕುದುರೆಗಳನ್ನು ಕೊಂದದ್ದು ಬೀಗದಿಂದ ಆದ ತಡ ಮತ್ತು ಹಗ್ಗ. ಒಣಹುಲ್ಲು ಹತ್ತಿದರೆ ನಿಮಗೆ ಸಿಗುವುದು ಕೆಲವೇ ನಿಮಿಷ. ಜ್ವಾಲೆ ತಲುಪುವ ಮೊದಲೇ ಹೊಗೆ ತಲುಪಿರುತ್ತದೆ. ಅಷ್ಟರಲ್ಲಿ ಬಾಗಿಲು ತೆಗೆಯಲು ಆಗದಿದ್ದರೆ ಬೆಂಕಿ ಆರಿಸುವ ಎಷ್ಟೇ ಒಳ್ಳೆಯ ಸಿಲಿಂಡರ್ ಗೋಡೆಗೆ ನೇತುಹಾಕಿದ್ದರೂ ಪ್ರಯೋಜನ ಇಲ್ಲ.

ಸತ್ತ ಕುದುರೆಗಳಲ್ಲಿ ಒಂದನ್ನು ಸೈಸ್‌ಗಳು ಅಗಾಡಿ, ಪಿಚಾಡಿ ಅನ್ನುತ್ತಾರಲ್ಲ, ಹಾಗೆ ಮುಂದೆಯೂ ಹಿಂಗಾಲಿಗೂ ಹಗ್ಗ ಹಾಕಿ ಕಟ್ಟಿದ್ದರು. ಒದೆಯುವ ಕುದುರೆ ಅಂತ. ಗಾಬರಿಯಲ್ಲಿ ಅದು ಎಳೆದಷ್ಟೂ ಗಂಟು ಬಿಗಿಯಾಯಿತು. ಅದರ ಬಾಗಿಲು ತೆಗೆದಿದ್ದರು, ಗಂಟು ಬಿಚ್ಚಲು ಆಗಲಿಲ್ಲ. ಒಂದು ಚಾಕು ಇದ್ದಿದ್ದರೆ ಸಾಕಿತ್ತು. ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕುವುದು ಕುದುರೆ ಸಾಕುವವರಿಗೆ ಮೊದಲ ಪಾಠ, ಅಲ್ವಾ? ದಿನಾ ಕಟ್ಟುವಾಗ ಅದನ್ನು ಯಾರೂ ಹಾಕಿರಲಿಲ್ಲ.

ಇನ್ನೊಂದು ಹೆಣ್ಣು ಕುದುರೆ. ಅದನ್ನು ಹೊರಗೆ ತಂದಿದ್ದರು. ಹಗ್ಗ ಬಿಟ್ಟು ಮುಂದಿನದನ್ನು ತರಲು ಹುಡುಗ ಓಡಿದ, ಅಷ್ಟರಲ್ಲಿ ಅದು ತಿರುಗಿ ತನ್ನ ಸ್ಟಾಲಿಗೇ ಓಡಿಹೋಯಿತು. ಕೇಳಿದವರು ನಂಬುವುದಿಲ್ಲ, ಆದರೆ ಕುದುರೆಗಳು ಹೀಗೆ ಮಾಡುತ್ತವೆ. ಭಯ ಆದಾಗ ಅದಕ್ಕೆ ಗೊತ್ತಿರುವ ಸುರಕ್ಷಿತ ಜಾಗ ತಾನು ದಿನಾ ತಿಂದು ಮಲಗುವ ಆ ಸ್ಟಾಲೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2017ರ ಡಿಸೆಂಬರ್‌ನಲ್ಲಿ ಸ್ಯಾನ್ ಲೂಯಿಸ್ ರೇ ಡೌನ್ಸ್ ಅನ್ನುವ ರೇಸ್ ತರಬೇತಿ ಕೇಂದ್ರಕ್ಕೆ ಕಾಡ್ಗಿಚ್ಚು ನುಗ್ಗಿದಾಗ ನೂರಾರು ಕುದುರೆಗಳನ್ನು ಸುಮ್ನೆ ಬಿಚ್ಚಿ ಬಿಟ್ಟರು, ಬೇರೆ ದಾರಿ ಇರಲಿಲ್ಲ. ಆದರೂ 46 ಕುದುರೆ ಸತ್ತವು. ಅಲ್ಲೂ ಕೆಲವು ತಿರುಗಿ ಉರಿಯುವ ಲಾಯದೊಳಗೇ ಓಡಿದ್ದವು. ಅದಕ್ಕೇ ಹೇಳುವುದು: ಹೊರಗೆ ತಂದ ಕುದುರೆಯನ್ನು ಬೇಲಿ ಇರುವ ಜಾಗಕ್ಕೆ ಬಿಟ್ಟು ಗೇಟು ಹಾಕಬೇಕು. ಖಾಲಿಯಾದ ಸ್ಟಾಲಿನ ಬಾಗಿಲನ್ನೂ ಹಾಕಬೇಕು. ಆ ಬೇಲಿ ಗಾಳಿ ಬೀಸಿ ಬರುವ ಕಡೆ ಇರಬೇಕು, ಫೈರ್ ಎಂಜಿನ್ ಬರುವ ದಾರಿಯಲ್ಲಿ ಇರಬಾರದು. ಮೊದಲು ತೆಗೆಯಬೇಕಾದದ್ದು ಬಾಗಿಲ ಹತ್ತಿರ ಸುಲಭವಾಗಿ ಸಿಗುವ ಕುದುರೆಗಳನ್ನು. ನಿಮ್ಮದು ಕೊನೆಯಲ್ಲಿದ್ದರೆ ಈ ಮಾತು ಕಹಿ ಅನ್ನಿಸುತ್ತದೆ, ಗೊತ್ತು. ಹೊಗೆ ದಟ್ಟವಾದ ಮೇಲೆ ಒಳಗೆ ಹೋಗಲೇಬೇಡಿ, ಯಾವ ಸೈಸ್ ಹುಡುಗನನ್ನೂ ಕಳಿಸಬೇಡಿ.

ನೀರಿನ ವಿಷಯ ಕೇಳಿ. ಜಾಗದಲ್ಲಿ ಬೋರ್‌ವೆಲ್ ಇತ್ತು, ದೊಡ್ಡ ಸಂಪು ಇತ್ತು, ತುಂಬಾ ನೀರಿತ್ತು. ಬೆಂಕಿ ಕಂಡ ಕೂಡಲೇ ಯಾರೋ ಮೇನ್ ಸ್ವಿಚ್ ಇಳಿಸಿದರು. ಅದು ಸರಿಯೇ, ಕರೆಂಟ್ ಇರುವ ವೈರಿಗೆ ನೀರು ಹಾಕುವ ಹಾಗಿಲ್ಲ. ಆದರೆ ಮೋಟಾರಿಗೂ ಅದೇ ಮೇನ್‌ನಿಂದ ಕನೆಕ್ಷನ್. ಸ್ವಿಚ್ ಇಳಿಸಿದ ಕ್ಷಣ ನೀರೂ ನಿಂತಿತು. ಸಂಪಿನಿಂದ ಬಕೆಟ್ಟಿನಲ್ಲಿ ಎತ್ತಿ ಹಾಕಿದರು. ಅಟ್ಟದ ತುಂಬ ಹುಲ್ಲು ಉರಿಯುವಾಗ ಬಕೆಟ್ಟಿನ ನೀರು ಯಾವ ಮೂಲೆಗೆ? ಮೋಟಾರಿಗೆ ಬೇರೆ ಲೈನ್ ಇರಬೇಕು, ಇಲ್ಲ ಅಂದರೆ ಎತ್ತರದ ಟ್ಯಾಂಕಿನಿಂದ ಕರೆಂಟ್ ಇಲ್ಲದೆಯೂ ಬರುವ ನೀರಿಗೆ ದಪ್ಪ ಪೈಪು ಹಾಕಿ ಸಿದ್ಧ ಇಟ್ಟಿರಬೇಕು. ಅಗ್ನಿಶಾಮಕದವರು ಬಂದರು, ಅವರ ಬಗ್ಗೆ ದೂರು ಇಲ್ಲ. ಆದರೆ ಗಾಡಿ ಆ ಚೆಂದದ ಕಮಾನಿನೊಳಗೆ ನುಗ್ಗಲಿಲ್ಲ. ಹೊರಗೇ ನಿಲ್ಲಿಸಿ ಪೈಪು ಎಳೆದರು.

ಗೋಡೆಗೆ ಒಂದು ಸಿಲಿಂಡರ್ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಮುಳ್ಳು ಕೆಂಪಿನಲ್ಲಿತ್ತು. ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ. ಸಾಕು.

ಮಾಲೀಕರು "ಶಾರ್ಟ್ ಸರ್ಕ್ಯೂಟ್" ಅಂದರು, ಅಷ್ಟಕ್ಕೇ ವಿಷಯ ಮುಗಿಯಿತು. ಏನೋ ಆಕಾಶದಿಂದ ಬಿದ್ದ ಸಿಡಿಲು ಅನ್ನೋ ಹಾಗೆ. ಇಲಿ ಕಡಿದ ವೈರು, ಹುಲ್ಲಿಗೆ ತಾಗಿದ ಬಾಕ್ಸು, ಧೂಳು ತುಂಬಿ ಮೋಟಾರು ಕಾಯುತ್ತಿದ್ದ ಮನೆ ಬಳಕೆಯ ಫ್ಯಾನು, ಇದೆಲ್ಲ ಸೇರಿದರೆ ಶಾರ್ಟ್ ಆಗದೆ ಇನ್ನೇನು ಆಗುತ್ತದೆ? ವೈರುಗಳು ಪೈಪಿನೊಳಗೆ ಹೋಗಬೇಕು. ಬೋರ್ಡಿನಲ್ಲಿ ಶಾರ್ಟ್ ಆದರೆ, ಕರೆಂಟ್ ಲೀಕ್ ಆದರೆ ತಾನಾಗೇ ಆಫ್ ಆಗುವ ಎಂಸಿಬಿ, ಆರ್‌ಸಿಸಿಬಿ ಸ್ವಿಚ್ಚುಗಳು ಇರಬೇಕು. ಬಲ್ಬಿಗೆ ಕವರ್ ಇರಬೇಕು. ಎಕ್ಸ್‌ಟೆನ್ಷನ್ ಬಾಕ್ಸಿಗೆ ಲಾಯದೊಳಗೆ ಜಾಗವೇ ಇಲ್ಲ. ಜೇಡರ ಬಲೆ ಗುಡಿಸಿ. ಇದು ನೋಟಕ್ಕೆ ಅಲ್ಲ, ಧೂಳು ಹಿಡಿದ ಬಲೆಯಲ್ಲಿ ಕಿಡಿ ಸರಸರ ಓಡುತ್ತದೆ. ಶೇಡ್ ನೆಟ್ ಉರಿಯುತ್ತಾ ಕರಗಿ ಹನಿಹನಿಯಾಗಿ ಬೀಳುತ್ತದೆ. ನನ್ನ ಕುದುರೆಯ ಬೆನ್ನ ಮೇಲೆ ಇವತ್ತಿಗೂ ಇರುವ ಕಲೆಗಳು ಅದರವೇ. ಕುದುರೆಯ ಮುಖಕ್ಕೆ ಹಾಕಿ ಹಗ್ಗ ಕಟ್ಟುವ ನೈಲಾನ್ ಹಾಲ್ಟರ್ ಕೂಡ ಹಾಗೇ, ಬಿಸಿಗೆ ಕರಗಿ ಮುಖಕ್ಕೆ ಅಂಟಿಕೊಳ್ಳುತ್ತದೆ. ಚರ್ಮದ್ದೋ ಹತ್ತಿಯದ್ದೋ ತನ್ನಿ.

ಹುಲ್ಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ರೈತರಿಗೆ ಇದು ಗೊತ್ತಿರುವ ವಿಷಯ, ಊರಲ್ಲಿ ಹಸಿ ಹುಲ್ಲನ್ನು ಬಣವೆ ಹಾಕಿದರೆ ಹಿರಿಯರು ಬೈಯುತ್ತಾರೆ. ಬೂಸ್ಟು ಬರುತ್ತದೆ ಅನ್ನುವುದಕ್ಕೆ ಮಾತ್ರ ಅಲ್ಲ, ಒಳಗೆ ಕಾವು ಏರುತ್ತದೆ ಅಂತಲೂ. ತೇವ ಶೇಕಡಾ 20ಕ್ಕಿಂತ ಜಾಸ್ತಿ ಇರುವ ಹುಲ್ಲನ್ನು ಬಿಗಿಯಾಗಿ ಬೇಲ್ ಕಟ್ಟಿ ಒಟ್ಟಿದರೆ ಒಳಗಿನ ಸೂಕ್ಷ್ಮಜೀವಿಗಳಿಂದ ಬಿಸಿ ಹುಟ್ಟುತ್ತದೆ, ಆ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಯಾರೂ ಬೀಡಿ ಎಸೆಯದೆ, ಕಿಡಿ ಇಲ್ಲದೆ, ಅದು ತಾನಾಗೇ ಹತ್ತಿಕೊಳ್ಳಬಹುದು. ಒಟ್ಟಿದ ಮೊದಲ ಆರು ವಾರ ಹುಷಾರಾಗಿರಬೇಕು. ಒಂದು ಕಬ್ಬಿಣದ ಸರಳನ್ನು ರಾಶಿಯ ಒಳಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ ನೋಡಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಅಪಾಯ. ಥರ್ಮಾಮೀಟರ್ ಇದ್ದರೆ 55 ಡಿಗ್ರಿಗೆ ಕಣ್ಣಿಡಿ, 65 ದಾಟಿದರೆ ದಿನಕ್ಕೆ ಹಲವು ಸಲ ನೋಡಿ, 80ರ ಹತ್ತಿರ ಬಂದರೆ ರಾಶಿಗೆ ಕೈ ಹಾಕದೆ ಅಗ್ನಿಶಾಮಕದವರನ್ನು ಕರೆಯಿರಿ. ಒಳಗಿನ ಬೇಲ್ ಎಳೆದ ಕೂಡಲೇ ಗಾಳಿ ನುಗ್ಗಿ ಭಗ್ ಅಂತ ಹತ್ತುತ್ತದೆ. ನಮ್ಮ ಲಾಯಕ್ಕೆ ಆ ವಾರ ಬಂದ ಲೋಡು ಮಳೆಯಲ್ಲಿ ನೆನೆದಿತ್ತು. ಕರೆಂಟಿನಿಂದ ಹತ್ತದಿದ್ದರೂ ಅದು ಮುಂದೆ ಹುಲ್ಲಿನಿಂದಲೇ ಹತ್ತುತ್ತಿತ್ತೇನೋ. ಆ ದಿನದ ತಿಂಡಿಗೆ ಬೇಕಾದಷ್ಟು ಹುಲ್ಲು ಮಾತ್ರ ಲಾಯದಲ್ಲಿ, ಮಿಕ್ಕಿದ್ದೆಲ್ಲ ಬೇರೆ ಶೆಡ್ಡಿನಲ್ಲಿ. ಕುದುರೆಯ ತಲೆ ಮೇಲೆ ಹುಲ್ಲು ಒಟ್ಟುವವರ ಹತ್ತಿರ ಕುದುರೆ ಬಿಡಲೇಬೇಡಿ.

ಸಂಜೆ ಹೊಗೆ ಹಾಕುವುದೂ ಒಂದಿದೆ. ಬೇವಿನ ಸೊಪ್ಪು, ಬೆರಣಿ ಸುಟ್ಟು ಸೊಳ್ಳೆ ಓಡಿಸುತ್ತಾರೆ, ಕೊಟ್ಟಿಗೆಯಲ್ಲೂ ಮಾಡುತ್ತಾರೆ, ಲಾಯದಲ್ಲೂ ಮಾಡುತ್ತಾರೆ. ಕೆಂಡ ಬೂದಿಯೊಳಗೆ ರಾತ್ರಿಯೆಲ್ಲ ಜೀವಂತ ಇರುತ್ತದೆ. ಹಾಕಲೇಬೇಕು ಅಂದರೆ ಹೊರಗೆ, ಕಬ್ಬಿಣದ ಬಾಂಡ್ಲಿಯಲ್ಲಿ, ಮಲಗುವ ಮೊದಲು ನೀರು ಸುರಿದು. ದೀಪಾವಳಿ ರಾಕೆಟ್ಟಿನ ಬಗ್ಗೆ ಬೇರೆ ಹೇಳಬೇಕಾ?

ಆಮೇಲಿನದು ಯಾರೂ ಹೇಳದ ಭಾಗ. ಬೆಳಗ್ಗೆ ನನ್ನ ಕುದುರೆ ನಿಂತಿತ್ತು, ನೀರು ಕುಡಿಯಿತು, ಹುಲ್ಲು ತಿಂದಿತು. ಬಚಾವಾಯಿತು ಅಂದುಕೊಂಡೆವು. ಡಾಕ್ಟರ್ ಮಾತ್ರ "ಈಗಲೇ ಖುಷಿ ಪಡಬೇಡಿ ಮೇಡಂ, ಮೂರು ದಿನ ನೋಡೋಣ" ಅಂದರು. ಹಾಗೇ ಆಯಿತು. ಮೂರನೇ ದಿನ ಜ್ವರ, ಮೂಗಿನಿಂದ ಕರಿ ಬೆರೆತ ಲೋಳೆ, ಉಸಿರಾಟಕ್ಕೆ ಹೊಟ್ಟೆಯೆಲ್ಲ ಎಳೆಯುತ್ತಿತ್ತು. ನ್ಯುಮೋನಿಯಾ. ಕುದುರೆ ಬಾಯಿಯಿಂದ ಉಸಿರಾಡಲಾರದು, ಮೂಗೊಂದೇ ದಾರಿ, ಆದ್ದರಿಂದ ಹೊಗೆಯಿಂದ ಶ್ವಾಸನಾಳ ಊದಿಕೊಂಡರೆ ತುಂಬಾ ಕಷ್ಟ. ಸುಮ್ಮನೆ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಪಕ್ಕೆ ನೋಡಿಕೊಂಡು ಎಣಿಸಲು ಕಲಿಯಿರಿ, ಜಾಸ್ತಿ ಆದರೆ ಕಾಯಬೇಡಿ. ಕಣ್ಣನ್ನೂ ತೋರಿಸಿ, ಹೊಗೆ, ಬೂದಿಯಿಂದ ಹುಣ್ಣಾಗುತ್ತದೆ. ಸುಟ್ಟ ಗಾಯಕ್ಕೆ ತಣ್ಣೀರು ಬಿಡಿ, ಎಣ್ಣೆ, ಅರಿಶಿನ, ಟೂತ್‌ಪೇಸ್ಟ್ ಬೇಡ. ಹುಲ್ಲನ್ನು ನೆನೆಸಿಯೇ ಕೊಡಿ, ಧೂಳು ತಾಗಬಾರದು. ವಾರಗಟ್ಟಲೆ ಸವಾರಿ ಇಲ್ಲ. ನನ್ನ ಇನ್ಶೂರೆನ್ಸ್ ಕುದುರೆ ಸತ್ತರೆ ಮಾತ್ರ ದುಡ್ಡು ಕೊಡುವಂಥದ್ದು, ಚಿಕಿತ್ಸೆಗೆ ಒಂದು ಪೈಸೆ ಬರಲಿಲ್ಲ. ಲಾಯದ ಅಗ್ರಿಮೆಂಟಿನಲ್ಲಿ "ಬೆಂಕಿ ಮುಂತಾದ ಅವಘಡಕ್ಕೆ ನಾವು ಹೊಣೆಯಲ್ಲ" ಅಂತ ಸಣ್ಣ ಅಕ್ಷರದಲ್ಲಿತ್ತು. ಅವರು ಅದನ್ನೇ ತೋರಿಸಿದರು.

ಹಾಗಾಗಿ ನೀವು ಹೊಸ ಲಾಯ ನೋಡಲು ಹೋದಾಗ ಅರೇನಾ ಆಮೇಲೆ ನೋಡಿ. ಕತ್ತಲಾದ ಮೇಲೆ ಒಮ್ಮೆ ಹೋಗಿ. ಬಾಗಿಲಿಗೆ ಬೀಗ ಇದೆಯಾ, ಇದ್ದರೆ ಕೀ ಯಾರ ಹತ್ತಿರ, ಅವನು ಎಲ್ಲಿ ಮಲಗುತ್ತಾನೆ ಕೇಳಿ. ಕಳ್ಳರ ಭಯ ಇದ್ದರೆ ಜೀನಿನ ಕೋಣೆಗೆ ಬೀಗ ಹಾಕಲಿ, ಕುದುರೆಗೆ ಯಾಕೆ? ಪ್ರತಿ ಬಾಗಿಲ ಪಕ್ಕ ಹಾಲ್ಟರ್ ಮತ್ತು ಹಗ್ಗ ನೇತಾಡುತ್ತಿರಬೇಕು. ಎರಡೂ ಕಡೆ ಬಾಗಿಲು ಇರಬೇಕು. ರಾತ್ರಿ ಇರುವ ಹುಡುಗನ ಹತ್ತಿರ ಫೋನ್ ಇದೆಯಾ, 101 ಅಥವಾ 112ಕ್ಕೆ ಮಾಡಿ ದಾರಿ ಹೇಳಲು ಅವನಿಗೆ ಬರುತ್ತದಾ, ಅದನ್ನೂ ಕೇಳಿ. ನಮ್ಮ ಹುಡುಗನಿಗೆ ಕನ್ನಡ ಅಷ್ಟಕ್ಕಷ್ಟೇ, ಊರಿನ ಹೆಸರು ಹೇಳಲು ತಡಬಡಾಯಿಸಿದ. ಈಗ ನಾನು ಬಿಟ್ಟಿರುವ ಕಡೆ ವಿಳಾಸ, ಹತ್ತಿರದ ಗುರುತು, ಈ ನಂಬರುಗಳು, ಜೊತೆಗೆ ಪ್ರಾಣಿಗಳ ಆಂಬುಲೆನ್ಸಿನ 1962, ಎಲ್ಲ ಗೋಡೆ ಮೇಲೆ ಕನ್ನಡ ಮತ್ತು ಹಿಂದಿಯಲ್ಲಿ ಬರೆಸಿದ್ದಾರೆ. ಹುಲ್ಲಿನ ಶೆಡ್ಡು ದೂರ ಇದೆ. ಬೀಗ ಇಲ್ಲ. ಟ್ಯಾಂಕಿನ ಪೈಪು ಮಾತ್ರ ಕೊನೆಯ ಎರಡು ಸ್ಟಾಲಿಗೆ ಮುಟ್ಟುವುದಿಲ್ಲ. ಉದ್ದ ಮಾಡಿಸಿ ಅಂತ ಹೇಳಿದ್ದೇನೆ, ಮಾಡಿಸುವವರೆಗೆ ಆ ಎರಡನ್ನು ಖಾಲಿ ಬಿಡಲು ಮಾಲೀಕರು ಒಪ್ಪಿದ್ದಾರೆ.