ಕಾಫಿ ಪೌಚ್ ಮೇಲೆ ಮೂರು ಫಾಂಟ್ ಹಾಕಿ ನೋಡಿದೆ

ಆಲ್ದೂರು ಹತ್ತಿರ ನಮ್ಮಣ್ಣನ ತೋಟ. ಅಲ್ಲಿನ ಅರೇಬಿಕಾ ಹುರಿದು, ಪುಡಿ ಮಾಡಿಸಿ ಮಾರೋದು ಅತ್ತಿಗೆಯ ಕೆಲಸ. ಇಷ್ಟು ದಿನ ಸ್ಟಿಕ್ಕರ್ ಮೇಲೆ ಪೆನ್ನಿನಲ್ಲಿ ತೂಕ ಬರೆದರೆ ಸಾಕಿತ್ತು. ಈಗ ಚಿಕ್ಕಮಗಳೂರಿನ ಎರಡು ಹೋಂಸ್ಟೇಯವರು ಪುಡಿ ಕೇಳಿದ್ದಾರೆ. "ನೋಡೋಕೆ ಚೆನ್ನಾಗಿರೋ ಪೌಚ್ ಮಾಡಿಕೊಡೇ. ಬಾಬಾಬುಡನ್‌ಗಿರಿ ಚಿತ್ರ ಮಾತ್ರ ಬೇಡ, ಎಲ್ಲರ ಪ್ಯಾಕೆಟ್ ಮೇಲೂ ಅದೇ ಇದೆ" ಅಂದರು ಅತ್ತಿಗೆ. ಚಿತ್ರ ಇಲ್ಲ ಅಂದಮೇಲೆ ಅಕ್ಷರವೇ ಚೆಂದ ಇರಬೇಕು, ಅಲ್ವಾ?

ನನ್ನ ತಲೆಯಲ್ಲಿದ್ದದ್ದು ಫ್ಯಾಷನ್ ಪತ್ರಿಕೆಗಳ ಮುಖಪುಟದ ಇಂಗ್ಲಿಷ್ ಅಕ್ಷರ. ದಪ್ಪ ಗೆರೆ ತುಂಬಾ ದಪ್ಪ, ತೆಳು ಗೆರೆ ಕೂದಲೆಳೆಯಷ್ಟು ತೆಳು, ಗೆರೆಯ ತುದಿಗೊಂದು ಪುಟ್ಟ ಪಾದ. ಈ ಬಗೆಯ, ಪುಕ್ಕಟೆ ಸಿಗುವ ಮೂರು ಫಾಂಟ್ ಇಳಿಸಿಕೊಂಡೆ: ಬೊಡೋನಿ ಮೋಡಾ, ಪ್ಲೇಫೇರ್ ಡಿಸ್‌ಪ್ಲೇ, ಲಿಬ್ರೆ ಬಾಸ್ಕರ್‌ವಿಲ್. ಮೂರರಲ್ಲೂ ನಮ್ಮ ಕಾಫಿಯ ಹೆಸರನ್ನೇ ಒಂದೇ ಅಳತೆಯಲ್ಲಿ ಹಾಕಿದೆ. ಒಂದು ಸಲ ನುಣುಪು ಆರ್ಟ್ ಕಾರ್ಡ್ ಮೇಲೆ ಪ್ರಿಂಟ್ ತೆಗೆಸಿದೆ, ಇನ್ನೊಂದು ಸಲ ಕಂದು ಕ್ರಾಫ್ಟ್ ಪೌಚ್ ಮೇಲೆ ಸ್ಕ್ರೀನ್ ಪ್ರಿಂಟ್.

ಆರ್ಟ್ ಕಾರ್ಡ್ ಮೇಲೆ ಬೊಡೋನಿಯನ್ನು ಮೀರಿಸುವುದು ಇಲ್ಲ. ದಪ್ಪ ಗೆರೆ ನೆಟ್ಟಗೆ ಕಂಬದ ಹಾಗೆ ನಿಲ್ಲುತ್ತದೆ, ಪಾದ ಬ್ಲೇಡಿನಲ್ಲಿ ಕೊಯ್ದಷ್ಟು ಚಪ್ಪಟೆ. ನಾನು ಆಗಲೇ ಇದೇ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಪೌಚ್ ಬಂತು ನೋಡಿ! ಕ್ರಾಫ್ಟ್ ಕಾಗದ ಒರಟು. ತೆಳು ಗೆರೆ ಕೆಲವು ಕಡೆ ಸ್ಕ್ರೀನಿನಲ್ಲೇ ಮೂಡಲಿಲ್ಲ, ಮೂಡಿದ್ದೂ ಕಾಗದದ ನಾರಿನ ಮೇಲೆ ತುಂಡಾಯಿತು. ಇಂಗ್ಲಿಷ್‌ನಲ್ಲಿ ಕಾಫಿ ಅಂತ ಬರೆದರೆ ಕೊನೆಗೆ ಎರಡು 'ಇ' ಬರುತ್ತವಲ್ಲ, ಅವುಗಳ ಹೊಟ್ಟೆಯಲ್ಲಿರುವ ಅಡ್ಡಗೆರೆ ಹಾರಿಹೋಗಿ ಎರಡೂ 'ಸಿ' ಆಗಿ ಕೂತಿದ್ದವು. ಬೋಲ್ಡ್ ಹಾಕಿದರೆ ಸರಿಹೋದೀತು ಅಂದುಕೊಂಡೆ. ಊಹೂಂ. ಬೋಲ್ಡ್‌ನಲ್ಲಿ ಊದಿಕೊಳ್ಳುವುದು ದಪ್ಪ ಗೆರೆಯೇ, ತೆಳು ಗೆರೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಬೊಡೋನಿ ಮೋಡಾದಲ್ಲಿ ಸಣ್ಣ ಅಳತೆಗೆ ಅಂತಲೇ ತೆಳು ಗೆರೆ ಸ್ವಲ್ಪ ದಪ್ಪಗಿರುವ ರೂಪವೂ ಇದೆ. ಆದರೆ ಪ್ರೆಸ್‌ನವರ ಹಳೇ ಸಾಫ್ಟ್‌ವೇರ್‌ನಲ್ಲಿ ಅದು ತೆರೆಯಲೇ ಇಲ್ಲ.

ಪಾಪ, ಅಕ್ಷರದ ತಪ್ಪೂ ಅಲ್ಲ. ಈ ತೆಳು ಗೆರೆಯ ಶೋಕಿ ಶುರುವಾಗಿದ್ದೇ ನುಣುಪು ಕಾಗದದ ಜೊತೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ 1757ರಲ್ಲಿ ತನ್ನ ಮೊದಲ ಪುಸ್ತಕ ಅಚ್ಚು ಹಾಕಿದಾಗ ಅಕ್ಷರವಷ್ಟೇ ಹೊಸದಲ್ಲ, ಶಾಯಿಯೂ ಅವನದೇ ತಯಾರಿ. ಅಚ್ಚಾದ ಹಾಳೆಗಳನ್ನು ಬಿಸಿ ತಾಮ್ರದ ನಡುವೆ ಒತ್ತಿ, ಇಸ್ತ್ರಿ ಹಾಕಿದ ಹಾಗೆ ನುಣುಪು ಮಾಡುತ್ತಿದ್ದ. ಇಟಲಿಯ ಪಾರ್ಮಾದಲ್ಲಿ ಡ್ಯೂಕ್‌ನ ಮುದ್ರಣಾಲಯ ನೋಡಿಕೊಳ್ಳುತ್ತಿದ್ದ ಬೊಡೋನಿ ಆಮೇಲೆ ಆ ದಪ್ಪ-ತೆಳುವನ್ನು ತುತ್ತತುದಿಗೆ ಒಯ್ದ. ಅಂಥದ್ದನ್ನು ನಾನು ಕ್ರಾಫ್ಟ್ ಪೌಚ್ ಮೇಲೆ ಹಾಕಿಸಲು ಹೋಗಿದ್ದೆ.

ಪ್ಲೇಫೇರ್ ಡಿಸ್‌ಪ್ಲೇ 2011ರದ್ದು, ಕ್ಲಾಸ್ ಎಗರ್ಸ್ ಸೋರೆನ್ಸನ್ ಮಾಡಿದ್ದು. ಗತ್ತು ಇದೆ, ಬೊಡೋನಿಯಷ್ಟು ಬಿಗುಮಾನ ಇಲ್ಲ. ಸಣ್ಣಕ್ಷರಗಳು ಎತ್ತರವಾಗಿವೆ, ಪಾದಗಳು ಕಂಬಕ್ಕೆ ಬಾಗಿ ಸೇರುತ್ತವೆ. 40 ಪಾಯಿಂಟ್‌ನಲ್ಲಿ ಪೌಚ್ ಮೇಲೂ ಗೆರೆ ಮುರಿಯಲಿಲ್ಲ. ಎಡವಟ್ಟಾಗಿದ್ದು ಅಂಕಿಯಲ್ಲಿ. ಇದರಲ್ಲಿ ಅಂಕಿಗಳು ಒಂದೇ ಎತ್ತರಕ್ಕೆ ನಿಲ್ಲುವುದಿಲ್ಲ. 250 ಗ್ರಾಂ ಅಂತ ಹಾಕಿದರೆ 2 ಮತ್ತು 0 ಕುಳ್ಳಗೆ, 5 ಮಾತ್ರ ಕಾಲು ಕೆಳಗೆ ಇಳಿಬಿಟ್ಟುಕೊಂಡು ಕೂತಿರುತ್ತದೆ. ಅತ್ತಿಗೆ ನೋಡಿ, "ಏನೇ ಇದು, ತೂಕ ಕುಣೀತಿದೆಯಲ್ಲ!" ಅಂದರು. ಸಾಲಾಗಿ ನಿಲ್ಲುವ ಅಂಕಿಗಳೂ ಫಾಂಟ್ ಒಳಗೇ ಇವೆ, ಸೆಟ್ಟಿಂಗ್ಸ್‌ನಲ್ಲಿ 'ಲೈನಿಂಗ್' ಅಂಕಿ ಆರಿಸಬೇಕು. ಆದರೂ 9 ಪಾಯಿಂಟ್‌ಗೆ ಇಳಿಸಿದರೆ ಇದೂ ಸೊರಗುತ್ತದೆ. ಹೆಸರಲ್ಲೇ ಡಿಸ್‌ಪ್ಲೇ ಅಂತಿದೆ, ದೊಡ್ಡದಾಗಿ ಬಳಸಿ ಅಂತ.

ಬಾಸ್ಕರ್‌ವಿಲ್ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ದಪ್ಪ-ತೆಳು ವ್ಯತ್ಯಾಸ ಮಿಕ್ಕೆರಡಕ್ಕಿಂತ ಕಮ್ಮಿ. ಹೆಸರಿಗೆ ಹಾಕಿದರೆ ಪಠ್ಯಪುಸ್ತಕದ ಹಾಗೆ ಸಪ್ಪೆ. ಆದರೆ ಪೌಚ್ ಹಿಂದಿನ ಸಣ್ಣ ಬರಹದಲ್ಲಿ ಒಂದು ಅಕ್ಷರವೂ ಕೈಕೊಡಲಿಲ್ಲ. ಸ್ವಲ್ಪ ಅಗಲ ಜಾಸ್ತಿ, ಹಾಗಾಗಿ ಎರಡು ಸಾಲು ಹೆಚ್ಚು ಹಿಡಿಯಿತು.

ಕನ್ನಡದ ಹೆಸರಿಗೆ ಬೇರೆ ಫಾಂಟ್ ಬೇಕಾಯಿತು, ಈ ಮೂರರಲ್ಲೂ ಕನ್ನಡ ಇಲ್ಲ. ಟಿರೋ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡನ್ನೂ ಪ್ಲೇಫೇರ್ ಪಕ್ಕ ಇಟ್ಟು ನೋಡಿದೆ. ಟಿರೋ ನನಗೆ ತುಂಬಾ ಹಿಡಿಸಿತು, ಹಳೇ ಒಳ್ಳೇ ಪುಸ್ತಕದ ಅಕ್ಷರದ ಹಾಗಿದೆ. ಆದರೆ ಅದರಲ್ಲಿ ಬೋಲ್ಡ್ ಇಲ್ಲ, ಪ್ಲೇಫೇರ್ ಮುಂದೆ ಮಂಕಾಯಿತು. ನೋಟೋದಲ್ಲಿ ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ ಬೇಕಾದ್ದು ಸಿಗುತ್ತದೆ. ಇನ್ನೊಂದು ತಾಪತ್ರಯ ಒತ್ತಕ್ಷರದ್ದು. 'ಚಿಕ್ಕಮಗಳೂರು' ಅಂತ ಬರೆದು ಅದರ ಕೆಳಗೇ ಇಂಗ್ಲಿಷ್ ಸಾಲು ಇಟ್ಟರೆ 'ಕ್ಕ'ದ ಒತ್ತು ಹೋಗಿ ಕೆಳಗಿನ ದೊಡ್ಡಕ್ಷರದ ತಲೆಗೆ ಬಡಿಯುತ್ತಿತ್ತು. ಸುಮ್ನೆ ಕನ್ನಡವನ್ನು ಕೆಳಗೆ, ಇಂಗ್ಲಿಷನ್ನು ಮೇಲೆ ಮಾಡಿದೆ. "ಕನ್ನಡ ಮೇಲಿರಬೇಕಿತ್ತು ಮೇಡಂ" ಅಂದರು ಪ್ರೆಸ್ ಹುಡುಗ. ಅವರು ಹೇಳಿದ್ದು ಸರಿ. ಮತ್ತೆ ತಿರುಗಿಸಿ, ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟೆ.

ಕೊನೆಗೆ ಮುಂದೆ ನೋಟೋ ಮತ್ತು ಪ್ಲೇಫೇರ್, ತೂಕ-ಬೆಲೆ ಮತ್ತು ಹಿಂದಿನ ಬರಹವೆಲ್ಲ ಬಾಸ್ಕರ್‌ವಿಲ್. ಬೊಡೋನಿಯನ್ನು ಅಣ್ಣನ ಮಗಳ ಮದುವೆ ಕಾರ್ಡಿಗೆ ಎತ್ತಿಟ್ಟಿದ್ದೇನೆ, ಆರ್ಟ್ ಕಾರ್ಡ್ ಮೇಲೆ. ಅಡ್ಡಗೆರೆ ಹಾರಿದ ಪೌಚ್‌ಗಳಲ್ಲಿ ಅತ್ತಿಗೆ ಮನೆ ಖರ್ಚಿನ ಮೆಣಸು ತುಂಬಿಟ್ಟಿದ್ದಾರೆ.